ತೊಳೆದ ಐದು ಚೀಲ

"ನನ್ನ ಗಿಡಕ್ಕ ಗರಗಸ ಹಚ್ಚಬ್ಯಾಡ್ರಿ!"

ಸಂಡೂರಿನ ಗಣಿಮಣ್ಣಿನ ದಿಬ್ಬದ ಮೇಲೆ ಸರ್ವೆ ಮರದ ಸಸಿಗೆ ಬೆನ್ನು ಕೊಟ್ಟು ನಿಂತಿದ್ದ ಹೊನ್ನೂರುಸ್ವಾಮಿಯನ್ನು, ಗಿಡಗಳ ಬೆಳವಣಿಗೆಯ ವರದಿಗೆಂದು ಅರಣ್ಯ ಇಲಾಖೆಯಿಂದ ಬಂದ ಜ್ಯೋತಿಲಕ್ಷ್ಮಿ ಮೊದಲು ಕಂಡದ್ದು ಹೀಗೆ. ಆ ಸಾವಿರ ಸಸಿಗಳನ್ನು ನೆಟ್ಟು ನೀರುಣಿಸಿದವನು ಅವನೇ.

ಅವಳು ಸಮಾಧಾನದಿಂದ ಹೇಳಿದಳು... ಹತ್ತನ್ನು ಮಾತ್ರ ಕಡಿದು, ಒಣಗಿಸಿ, ತೂಗಿದರೆ ಸಾಕು. ಉಳಿದವುಗಳ ಸುತ್ತಳತೆ, ಎತ್ತರ ನೋಡಿಯೇ ಅವುಗಳ ತೂಕ ಅಂದಾಜು ಮಾಡಬಹುದು. ಅವನು ಸಾಲುಗಳ ನಡುವೆ ಸುತ್ತಾಡಿ, ತಾನೇ ಹತ್ತನ್ನು ಆರಿಸಿಕೊಟ್ಟ.

ಆಮೇಲೆ ಎರಡು ತಿಂಗಳು ಅಳತೆಯೇ ಅಳತೆ. ಬುಡದಲ್ಲಿ ಕೂತು ಟೇಪಿನ ತುದಿ ಅವನು ಹಿಡಿದರೆ, ಕೋಲಿಗೆ ಕಟ್ಟಿದ ಇನ್ನೊಂದು ತುದಿಯನ್ನು ಅವಳು ಮೇಲೆತ್ತುವಳು. ಕೆಳಗೆ ಅದಿರಿನ ಲಾರಿಗಳ ಸಾಲು. ಬುತ್ತಿ ಬಿಚ್ಚಿದಾಗ ಅವನ ರೊಟ್ಟಿ ಅವಳಿಗೆ, ಅವಳ ಚಿತ್ರಾನ್ನ ಅವನಿಗೆ. 'ಈ ಗಿಡಗಳು ಸಾವಿರವೇ ಏಕೆ, ಇನ್ನೂ ಇರಬಾರದಿತ್ತೇ...' ಎಂದು ಅವಳಿಗೆ ಅನಿಸತೊಡಗಿತ್ತು.

ಅಳತೆ ಮುಗಿದ ಮೇಲೆ ಆ ಹತ್ತು ಗಿಡಗಳನ್ನು ಕಡಿದು ತಲಾ ಒಂದು ಚೀಲಕ್ಕೆ ತುಂಬಿದ ದಿನ ಅವಳು ಹೊಸಪೇಟೆಗೆ ಹೋಗಿಬಂದಳು. ಬಂದು ನೋಡಿದರೆ ಐದು ಚೀಲದ ಗಿಡಗಳೆಲ್ಲ ಒದ್ದೆ! ಆರನೆಯದರ ಪಕ್ಕದಲ್ಲಿ ಬಕೆಟ್ಟು ಹಿಡಿದು ಅವನು.

ಸೋಮವಾರ ವರದಿ ಕೊಡಬೇಕಿತ್ತು. ಅಷ್ಟರೊಳಗೆ ಇವು ಒಣಗುವುದು ಹೇಗೆ? ಗಿಡ ಕಡಿದ ಸಿಟ್ಟನ್ನು ಹೀಗೆ ತೀರಿಸಿಕೊಂಡನೇ?

"ನಾಳಿಂದ ಬರಬ್ಯಾಡ್ರಿ" ಎಂದುಬಿಟ್ಟಳು.

ಅವನು ಬಕೆಟ್ಟು ಬೋರಲು ಹಾಕಿ ಹೊರಟುಹೋದ. ಕಂಪ್ಲಿಯ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದನೆಂದು ಮರುದಿನ ಸುದ್ದಿ ಬಂತು.

ಹತ್ತೂ ಚೀಲಗಳನ್ನು ಅವಳು ಒಣಗಿಸಿ ತೂಗಿದಳು. ಒಂದೇ ಅಳತೆಯ ಗಿಡಗಳು. ಆದರೂ ಒದ್ದೆಯಾಗಿದ್ದವೇ ಹಗುರ. ಒಣಚೀಲದ ಸೂಜಿಯೆಲೆ ಸವರಿದಳು. ಬೆರಳೆಲ್ಲ ಕೆಂಪು!

ಇಷ್ಟು ದಿನ ಲಾರಿಗಳ ಧೂಳನ್ನೂ ಗಿಡದ ತೂಕವೆಂದೇ ಬರೆಯಲು ಹೊರಟಿದ್ದೆನಲ್ಲ... ಅವನು ಕೆಡಿಸಿರಲಿಲ್ಲ. ತೊಳೆದಿದ್ದ.

ಅವಳು ಮೊದಲ ಬಸ್ಸಿಗೇ ಕಂಪ್ಲಿಗೆ ಹೋದಳು. ಅವನು ಸಸಿಚೀಲಗಳಿಗೆ ಮಣ್ಣು ತುಂಬುತ್ತಿದ್ದ.

"ಯಾಕ ಹೇಳ್ಲಿಲ್ಲ?"

"ನೀವು ಯಾಕಂತ ಕೇಳ್ಲಿಲ್ರಿ. ಬರಬ್ಯಾಡ ಅಂದ್ರಿ." ಅವನು ತಲೆ ಎತ್ತಲಿಲ್ಲ. "ದೇವರಿಗೆ ತುಳಸಿ ತೊಳ್ದಽ ಏರಸ್ತೀವಲ್ರಿ. ತಕ್ಕಡಿಗೆ ಏರೋ ಗಿಡನೂ ಹಂಗಽ ಅಂತ ತಿಳ್ಕಂಡೆ."

ಅವಳ ಕಣ್ಣು ತುಂಬಿ ಬಂತು.

"ತಪ್ಪು ನಂದು. ನಮ್ಮ ಆಫೀಸಿನ ಸಾಹೇಬ್ರಿಗೂ ಹಂಗಽ ಹೇಳಿ, ವರದಿ ತಡಾ ಮಾಡಿಸ್ಕಂಡೇನಿ. ಇನ್ನೂ ಐದು ಚೀಲ ತೊಳೀಬೇಕು. ಆಮ್ಯಾಲೆ... ಟೇಪಿನ ಆ ತುದಿ ನೀವಽ ಹಿಡೀಬೇಕು."

"ಎಷ್ಟು ದಿನ ಮೇಡಂ?"

"ಮೇಡಂ ಅನ್ನಬ್ಯಾಡ್ರಿ. ಗಿಡ ಬೆಳಿಯೋತನಕ."

ಅವನು ಮಣ್ಣುಗೈ ಒರೆಸಿಕೊಂಡು, ಮೊದಲ ಬಾರಿ ಅವಳನ್ನು ನೇರವಾಗಿ ನೋಡಿದ.

"ಸರ್ವೆ ಭಾಳ ಎತ್ತರ ಬೆಳೀತದ, ಜ್ಯೋತಿ."

"ಬೆಳೀಲಿ."