ಅಮೆರಿಕದ ಪೆಟ್ಟಿಗೆ

ಹೆರಿಗೆಯಲ್ಲಿ ಕೂಸಿನ ಹಿಂದೆಯೇ ಬೀಳುವ ಮಾಸನ್ನು ಹಿತ್ತಲಲ್ಲಿ ಹೂಳಬೇಕು. ಪದ್ಮಲತಾಳ ತಂಗಿ ಹರಿತಾಗೆ ಅದು ಸಿಗಲಿಲ್ಲ. ಕಸಕ್ಕೆ ಹಾಕಿದೆವು ಅಂದರು ಕಲ್ಯಾಣದುರ್ಗದ ನರ್ಸಿಂಗ್ ಹೋಮಿನವರು. ಕೂಸು ಉಳಿಯಲಿಲ್ಲ. "ಮಾಸನ್ನು ನಾಯಿಗೆ ಹಾಕಿ ಬಂದವಳು" ಎಂದು ಅತ್ತೆ ಅವಳನ್ನು ತವರಿಗೆ ಅಟ್ಟಿದಳು. ಅಂದಿನಿಂದ ಹರಿತಾ ಮನೆಮಾತಾದ ತೆಲುಗಿನಲ್ಲಿ ಕೇಳುವುದು ಒಂದೇ: "ನಾ ಮಾಯ ಎಕ್ಕಡ ಅಕ್ಕಾ?" ನನ್ನ ಮಾಸು ಎಲ್ಲಿ?

ಅದು ಯಾವನ ಮಂಡಿನೋವಿಗೆ ಮದ್ದಾಯಿತೋ ಪದ್ಮಲತಾಗೆ ಗೊತ್ತಿಲ್ಲ. ಯಾವ ದಾರಿಯಲ್ಲಿ ಹೋಯಿತು ಎಂಬುದು ಮಾತ್ರ ಗೊತ್ತು. ಕನ್ನಡವೂ ನಡೆಯುವ ಗಡಿಯೂರು ಹಿಂದೂಪುರದಲ್ಲಿ ಅವಳು ರಿಸೆಪ್ಶನ್ನಿನಲ್ಲಿ ಕೂರುವ ಕ್ಲಿನಿಕ್ಕಿನ ಬೋರ್ಡು ಹೀಗಿತ್ತು: 'ವಿದೇಶಿ ಸ್ಟೆಮ್ ಸೆಲ್. ದಾನಿಗಳ ಒಪ್ಪಿಗೆ ಪಡೆದದ್ದು.' ಆದರೆ ವಿದೇಶದ ಪೆಟ್ಟಿಗೆ ಕಲ್ಯಾಣದುರ್ಗದ ಬಸ್ಸಿನಲ್ಲಿ ಬರುತ್ತಿತ್ತು. ಒಂದು ದಿನ ಕದ್ದು ಮುಚ್ಚಳ ತೆಗೆದಳು. ಹೆಸರಿಲ್ಲದ ಹೆಂಗಸರ ಮಾಸು, ಚೀಲ ಚೀಲ. ಇಂಜೆಕ್ಷನ್ನಿನ ಮದ್ದು ತೆಗೆಯುತ್ತಿದ್ದುದು ಅದರಿಂದಲೇ.

ಡಾಕ್ಟರ್ ಮುರಳೀಕೃಷ್ಣ ಶನಿವಾರ ಹೇಳಿದ್ದರು: "ಸೋಮವಾರ ಪಾರ್ಟಿ ದೊಡ್ಡೋರು ಮಂಡಿಗೆ ಇಂಜೆಕ್ಷನ್ ತಗೊಳ್ಳೋಕೆ ಬತ್ತಾರೆ, ಟೀವಿಯೋರೂ ಬತ್ತಾರೆ. ಆ ಪೆಟ್ಟಿಗೆ ಮುಟ್ಟಬೇಡ ಕಣಮ್ಮ, ಅಮೆರಿಕದ್ದು."

"ನಂಗ್ಯಾಕೆ ಸಾರ್ ಅಮೆರಿಕ," ಅಂದಳು.

ಅವಳು ಮುಟ್ಟಿದ್ದು ಭಾನುವಾರ. ಡಾಕ್ಟರು ಪೆನುಕೊಂಡದಲ್ಲಿ ಮದುವೆಯೂಟಕ್ಕೆ ಕೂತಿದ್ದರು. ಚೀಲಗಳನ್ನೆಲ್ಲ ರೇಷ್ಮೆ ಸೀರೆಯ ಡಬ್ಬಗಳಿಗೆ ತುಂಬಿ, ಖಾಲಿ ಪೆಟ್ಟಿಗೆಯನ್ನು ಮೊದಲಿನ ಹಾಗೇ ಮುಚ್ಚಿಟ್ಟಳು. ನೇಯ್ಗೆಯವರ ಮನೆಯ ಹೆಣ್ಣು ಸೀರೆ ಡಬ್ಬ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರನೂ ತಿರುಗಿ ನೋಡುವುದಿಲ್ಲ. ತವರಿನ ಹಿತ್ತಲಲ್ಲಿ ನುಗ್ಗೆಮರದ ಬುಡ ಅಗೆದು ಅಕ್ಕತಂಗಿ ಎಲ್ಲವನ್ನೂ ಹೂಳಿದರು. ಹರಿತಾ ತನ್ನ ಕೈಯಾರೆ ಅರಿಶಿನ ಹಾಕಿ ಮಣ್ಣು ಮುಚ್ಚಿದಳು. ಎಷ್ಟೋ ತಿಂಗಳ ಮೇಲೆ ಅನ್ನ ಕೇಳಿ ಉಂಡಳು.

ಇನ್ನು ಹೆದರುವುದೇನು? ಕದ್ದ ಮಾಲು ಕಳುವಾಯಿತೆಂದು ಡಾಕ್ಟರು ಯಾವ ಬಾಯಲ್ಲಿ ಹೇಳಬೇಕು? ಕೇಳಿದವರಿಗೆ ಅವಳ ಉತ್ತರ ಒಂದೇ: ಪೆಟ್ಟಿಗೆ ತೆರೆದಿಲ್ಲ, ಒಳಗೇನಿದೆಯೋ ಗೊತ್ತಿಲ್ಲ.

ಸೋಮವಾರ ದೊಡ್ಡವರು ಪಂಚೆ ಮೇಲೆತ್ತಿ, ಮಂಡಿ ಬಿಟ್ಟುಕೊಂಡು, ಕ್ಯಾಮೆರಾದ ಮುಂದೆ ಕಾದೇ ಕಾದರು. ಡಾಕ್ಟರ ಹಣೆಯ ಬೆವರನ್ನು ಪದ್ಮಲತಾ ಹಬ್ಬದಡುಗೆಯ ಹಾಗೆ ಸವಿದಳು. ಪೆಟ್ಟಿಗೆ ಖಾಲಿ ಎಂದು ಗೊತ್ತಾಗಿ, ಬಂದೋಬಸ್ತಿಗೆ ಬಂದಿದ್ದ ಎಸ್ಸೈ ಅಲ್ಲೇ ವಿಚಾರಣೆಗೆ ನಿಂತ. ಡಾಕ್ಟರು "ಫಾರಿನ್ ಮೆಡಿಸಿನ್" ಅಂದರು. ಪದ್ಮಲತಾ ಕಲಿತಿಟ್ಟ ಉತ್ತರ ಒಪ್ಪಿಸಿದಳು. ಎಸ್ಸೈ ತಲೆಯಾಡಿಸಿ ಆಯಾ ರಾಮಾಂಜಿನಮ್ಮನ ಕಡೆ ತಿರುಗಿದ.

"ಏನಿತ್ತಮ್ಮ ಒಳಗೆ?"

"ಬೆಳಿಗ್ಗೆ ಕಸ ಗುಡಿಸೋಕೆ ಬಂದ್ನಾ, ಮುಚ್ಚಳ ತೆಗ್ದು ನೋಡ್ತೀನಿ, ಮಾಯ ಕಣಪ್ಪ!"

ಪದ್ಮಲತಾಳ ಎದೆ ಹಿಗ್ಗಿತು. ಮುದುಕಿಯೂ ಹಿಂದೆ ಯಾವತ್ತೋ ಇಣುಕಿ ಕಂಡಿದ್ದಾಳೆ, ಹೇಳಿಯೇಬಿಟ್ಟಳು, ಟೀವಿಯವರ ಎದುರಿಗೇ! "ಕೇಳಿದ್ರಾ ಸಾರ್? ಮೆಡಿಸಿನ್ ಅಲ್ಲ, ಅದು ಮಾಯ! ನಮ್ಮ ಕಲ್ಯಾಣದುರ್ಗದ ಬಾಣಂತೀರ ಮಾಯ, ಚೀಲ ಚೀಲ ತುಂಬಿತ್ತು!"

ಡಾಕ್ಟರು ಮೆಲ್ಲಗೆ ಖಾಲಿ ಪೆಟ್ಟಿಗೆಯ ಕಡೆ ನೋಡಿದರು. ತೋರಿಸಲು ಅದರಲ್ಲಿ ಒಂದು ಚೀಲವೂ ಇರಲಿಲ್ಲ. "ತೆರೆದೇ ಇಲ್ಲ ಅಂದ್ಯಲ್ಲಮ್ಮ," ಅಂದ ಎಸ್ಸೈ. ರಾಮಾಂಜಿನಮ್ಮ ಪೊರಕೆ ಹಿಡಿದು ಕಣ್ಣು ಪಿಳಿಪಿಳಿ ಬಿಟ್ಟಳು. "ಅಯ್ಯೋ, ಚೀಲ ಯಾವ್ದಮ್ಮ? ಏನೂ ಇರ್ಲಿಲ್ಲ ಅಂದೆ ಕಣಮ್ಮ, ಮಾಯ ಆಗ್ಬುಟ್ಟಿತ್ತು ಅಂತ." ಇಷ್ಟು ವರ್ಷ ಈ ಊರಿನ ಕನ್ನಡದಲ್ಲೇ ಸಂತೆ ಮಾಡಿ, ಜಗಳ ಆಡಿದ ಪದ್ಮಲತಾಗೆ ಆಗ ನೆನಪಾಯಿತು: ಕನ್ನಡದವರ ಬಾಯಲ್ಲಿ ಮಾಯ ಎಂದರೆ ಮಾಸಲ್ಲ, ಇಲ್ಲದ್ದು.