ಎರಡನೇ ಚಾವಿ

"ಗಾಡಿ ಬೇವಿನ ಗಿಡದ ಬುಡಕ್ಕ ಐತಿ. ಚಾವಿ ಅದಕ್ಕ ಐತಿ. ಹೊಡದು ನೋಡ್ರಿ."

ಅಷ್ಟೇ!

ಲಚ್ಯಾಣದ ಆ ಮನೆಯ ಕಟ್ಟೆಯ ಮೇಲೆ ಕಾಲಿಗೆ ಕಂಬಳಿ ಹೊದ್ದು ಕುಳಿತಿದ್ದ ಗಂಡಸು ಅಷ್ಟು ಹೇಳಿ ಬಾಯಿ ಮುಚ್ಚಿದ. ಬರ್ರಿ ಅನ್ನಲಿಲ್ಲ, ಕುಂಡ್ರಿ ಅನ್ನಲಿಲ್ಲ. ಎದ್ದು ನಿಲ್ಲುವ ಮಾತಂತೂ ದೂರವೇ ಉಳಿಯಿತು.

ಶೈಲಶ್ರೀಗೆ ಮೈಯೆಲ್ಲ ಉರಿಯಿತು. ಮುದ್ದೇಬಿಹಾಳದ ಅವಳ ಮನೆಯಲ್ಲಿ ಯಾರೇ ಬರಲಿ, ಎದ್ದು ನಿಂತು 'ಬರ್ರಿ' ಎನ್ನದೆ ಮುಂದಿನ ಮಾತೇ ಇರಲಿಲ್ಲ.

'ಇಷ್ಟು ಸೊಕ್ಕು ಎಲ್ಲಿಂದ ಬರ್ತೈತೋ...' ಎಂದು ಮನಸ್ಸಿನಲ್ಲೇ ಬೈದುಕೊಂಡು ಬೇವಿನ ಗಿಡದ ಕಡೆ ನಡೆದಳು.

ಅವಳು ತಾಂಬಾದ ದನದ ಡಾಕ್ಟರು. ಬಂದು ಕೆಲವೇ ತಿಂಗಳಾಗಿತ್ತು. ಅವಳ ಸ್ಕೂಟಿ ಡಾಂಬರಿನ ಮೇಲೆ ರಾಣಿ, ಎರೆಮಣ್ಣಿಗೆ ಇಳಿದರೆ ಹೂತು ಕೂರುತ್ತಿತ್ತು. ಒಮ್ಮೆ ಹೊಲದ ನಡುವಿನ ವಸ್ತಿ ಮನೆಯೊಂದರಲ್ಲಿ ಆಕಳೊಂದು ಕರು ಹಾಕಲಾರದೆ ಒದ್ದಾಡುತ್ತಿದ್ದಾಗ, ಡಾಕ್ಟರಮ್ಮ ಅರ್ಧ ದಾರಿಯಲ್ಲಿ ಸ್ಕೂಟಿ ತಳ್ಳುತ್ತ ಅಳುತ್ತಿದ್ದಳು. ಆ ಆಕಳು ಉಳಿಯಲಿಲ್ಲ.

ಅಂದೇ ತೀರ್ಮಾನಿಸಿದಳು. ಡಾಂಬರಿಗೂ ಸೈ, ರಾಡಿ ಕೆಸರಿಗೂ ಸೈ, ಹಿಂದೆ ಔಷಧಿ ಪೆಟ್ಟಿಗೆ ಬಿಗಿದರೂ ಸೈ ಎನ್ನುವ ಗಾಡಿಯೇ ಬೇಕು. ಆಸ್ಪತ್ರೆಯ ಕಾಂಪೌಂಡರ್ ಗುರಲಿಂಗಪ್ಪ ಹುಡುಕಿ ಕೊಟ್ಟಿದ್ದೇ ಈ ಸೆಕೆಂಡ್ ಹ್ಯಾಂಡ್ ಬೈಕು.

ಹೆಣ್ಣುಮಗಳಿಗೆ ಇಂಥ ದೊಡ್ಡ ಬೈಕ್ ಯಾಕೆ ಎಂದು ಕೇಳುವವರು ಕತೆಯನ್ನು ಇಲ್ಲಿಗೇ ಬಿಟ್ಟು ಎದ್ದು ಹೋಗಬಹುದು. ಅವರಿಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ!

ಹತ್ತಿ ಕುಳಿತಾಗ ಮೊದಲು ಹೆದರಿಕೆಯಾಯಿತು. ಸೀಟು ಎತ್ತರ, ಕಾಲಿನ ತುದಿಬೆರಳುಗಳು ಮಾತ್ರ ನೆಲಕ್ಕೆ ತಾಗಿದವು. ನಿಂತಲ್ಲಿ ಗಾಡಿ ಭಾರ. ಕ್ಲಚ್ ಬಿಗಿ, ಹಾರ್ನ್ ಗಂಟಲು ಕಟ್ಟಿದಂತಿತ್ತು. ಟ್ಯಾಂಕಿನ ಎರಡೂ ಬದಿ, ಮೊಣಕಾಲು ಒತ್ತುವ ಜಾಗದಲ್ಲಿ ಬಣ್ಣ ಸವೆದುಹೋಗಿತ್ತು. ಯಾರೋ ಇದರ ಮೇಲೆ ವರ್ಷಗಟ್ಟಲೆ ಕುಳಿತು ಊರೂರು ತಿರುಗಿದ್ದಾರೆ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ಆದರೆ ಗಾಡಿ ಚಲಿಸಿದ್ದೇ ತಡ, ಆ ಭಾರ ಎಲ್ಲಿ ಹೋಯಿತೋ! ರಸ್ತೆಯಲ್ಲಿ ನೆಟ್ಟಗೆ ಓಡಿತು. ಬೇಕೆಂದೇ ನೀರು ಹಾಯಿಸಿದ ಹೊಲದ ದಾರಿಗೆ ಇಳಿಸಿದಳು. ಎರೆಮಣ್ಣು ಗಾಲಿಗೆ ಮೆತ್ತಿಕೊಂಡಿತು, ಹಿಂದಿನ ಗಾಲಿ ಒಮ್ಮೆ ಜಾರಿತು. ಎರಡನೇ ಗೇರಿನಲ್ಲಿ ಸ್ವಲ್ಪ ಎಕ್ಸಲರೇಟರ್ ಕೊಟ್ಟಳು, ಗಾಡಿ ಗೊಣಗುತ್ತಲೇ ದಾಟಿಕೊಂಡು ಬಂತು.

ತಿರುಗಿ ಬರುವಾಗ ಶೈಲಶ್ರೀ ತನಗೆ ತಾನೇ ನಗುತ್ತಿದ್ದಳು. 'ಇದು ಇದ್ದಿದ್ರ ಆ ಆಕಳು ಬದುಕ್ತಿತ್ತು' ಎನಿಸಿ ಕಣ್ಣೂ ತುಂಬಿತು.

ಕಟ್ಟೆಯ ಮೇಲಿದ್ದವನು, ಅವನ ಹೆಸರು ಚೇತನಕುಮಾರ, ಅವಳ ಮುಖವನ್ನೇ ನೋಡುತ್ತಿದ್ದ.

"ಎಡಗಡೆ ಲೆಗ್ ಗಾರ್ಡ್ ಬಾಗೈತಲ್ರಿ?" ಎಂದು ಕೇಳಿದಳು.

"ಒಮ್ಮೆ ಬಿದ್ದೈತಿ. ಮುಚ್ಚಿಡೂದಿಲ್ಲ. ಇಂಜಿನ್ನಿಗೆ ಏನೂ ಆಗಿಲ್ರಿ."

"ಇನ್ನೊಂದ್ ಚಾವಿ?"

"ಅದನ್ನ ಕೊಡೂದಿಲ್ರಿ."

"ಅಂದ್ರ?"

"ನಮ್ಮ ಮನ್ಯಾಗ ಕೊಡೂ ಪದ್ಧತಿ ಇಲ್ಲ. ಗಾಡಿಗೆ ಒಂದ್ ಚಾವಿ ಸಾಕಾಗ್ತೈತಿ."

ಇದೆಂಥ ಪದ್ಧತಿ! ಶೈಲಶ್ರೀ ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಜೊತೆಗೆ ಬಂದಿದ್ದ ಗುರಲಿಂಗಪ್ಪ ಪಿಸುಗುಟ್ಟಿದ, "ಇರ್ಲಿ ಬಿಡ್ರಿ ಮೇಡಮ್ಮರ, ಛಲೋ ಮಂದಿ."

ಅಷ್ಟರಲ್ಲಿ ಚೇತನನ ತಾಯಿ ಲಕ್ಕವ್ವ ಹೊರಗೆ ಬಂದಳು. ಗಾಡಿಯ ದೀಪಕ್ಕೆ ಕುಂಕುಮ ಹಚ್ಚಿ, ಹ್ಯಾಂಡಲಿಗೆ ಹಸಿರು ಖಣ ಕಟ್ಟಿದಳು. ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಸಾವಕಾಶ ಹೊಡಿ ಯವ್ವಾ... ಕತ್ತಲಾಗೂದ್ರಾಗ ಮನಿ ಮುಟ್ಟು."

ಒಂದು ಗಾಡಿಗೆ ಯಾರಾದರೂ ಇಷ್ಟು ಅಳುತ್ತಾರೆಯೇ? ಶೈಲಶ್ರೀಗೆ ಅರ್ಥವಾಗಲಿಲ್ಲ. ತಾಯಿ ಅಳುತ್ತಿದ್ದರೂ ಮಗ ಕುಳಿತಲ್ಲಿಂದ ಕದಲಲಿಲ್ಲವಲ್ಲ, ಅದೇ ಅವಳ ಮನಸ್ಸಿನಲ್ಲಿ ಉಳಿಯಿತು.

*

ಮರುದಿನ ಮುಂಜಾನೆಯ ಚಳಿಗೆ ಗಾಡಿ ಶುರುವಾಗಲೇ ಇಲ್ಲ! ಕಿಕ್ ಹೊಡೆದು ಹೊಡೆದು ಕಾಲು ಸೋತಿತು. ಹಲ್ಲು ಕಚ್ಚಿಕೊಂಡು ಅವನಿಗೇ ಫೋನ್ ಮಾಡಿದಳು.

"ಚೋಕ್ ಎಳದೀರೇನ್ರಿ?"

"ಎಳದೇನಿ!"

"ಪೂರ್ತಿ ಎಳೀಬ್ಯಾಡ್ರಿ, ಅರ್ಧಕ್ಕ ನಿಂದ್ರಸ್ರಿ. ಈಗ ಕಿಕ್ ಹೊಡೀರಿ. ಸಿಟ್ಟಿಲೆ ಹೊಡೀಬ್ಯಾಡ್ರಿ, ಅದು ಭಾಳ ಹಟಮಾರಿ ಐತಿ."

"ನಿಮ್ಹಂಗ?"

ಬಾಯಿ ತಪ್ಪಿ ಬಂದುಬಿಟ್ಟಿತು. ಆ ಕಡೆ ಅವನು ನಕ್ಕುಬಿಟ್ಟ. ಅದೇ ಹೊತ್ತಿಗೆ ಗಾಡಿಯೂ ಶುರುವಾಯಿತು. ಆ ನಗೆಯನ್ನು ಶೈಲಶ್ರೀ ದಿನವಿಡೀ ಮರೆಯಲಿಲ್ಲ.

ಅಲ್ಲಿಂದ ಫೋನು ಗಾಡಿಯ ನೆಪದಲ್ಲಿ ನಡೆಯತೊಡಗಿತು. ಚೈನು ಸಡಿಲಾದರೆ ಫೋನು, ಆಗದಿದ್ದರೂ ಫೋನು! ಅವಳು ರಾಡಿ ದಾಟಿ ಹೋಗಿ ಕರು ತೆಗೆದ ಸುದ್ದಿ ಹೇಳುತ್ತಿದ್ದಳು. ಅವನು ತನ್ನ ನಿಂಬೆ ತೋಟದ ಸುದ್ದಿ ಹೇಳುತ್ತಿದ್ದ. ಪ್ರತಿ ಸಲವೂ ಕೊನೆಗೆ ಒಂದೇ ಪ್ರಶ್ನೆ, "ಗಾಡಿ ಹೆಂಗೈತಿ?"

"ಒಮ್ಮೆ ತಾಂಬಾಕ್ಕ ಬಂದು ನೀವ ನೋಡ್ರಲಾ."

"ನಿಂಬಿಹಣ್ಣಿನ ಹಂಗಾಮ ಐತ್ರಿ ಡಾಕ್ಟರ್ರ. ಆಗೂದಿಲ್ಲ."

ಹಂಗಾಮ ಮುಗಿದರೂ ಉತ್ತರ ಬದಲಾಗಲಿಲ್ಲ. 'ನನ್ನನ್ನ ನೋಡಬೇಕು ಅಂತ ಅವಗ ಅನಸೂದ ಇಲ್ಲೇನು?' ಎಂದು ಅವಳಿಗೆ ಅಳು ಬರುತ್ತಿತ್ತು. ಒಂದು ಸಂಜೆ ತಾಳ್ಮೆ ಕಳೆದುಕೊಂಡಳು.

"ಹಂಗಾದ್ರ ಈ ಗಾಡೀನ ಮಾರಿಬಿಡ್ತೇನಿ!"

"ಮಾರಬ್ಯಾಡ್ರಿ!" ಅವನು ನಡುವೆಯೇ ತಡೆದ. "ಬ್ಯಾಡಾದ್ರ ನನಗ ತಿರುಗಿ ಕೊಡ್ರಿ... ಮಂದಿಗೆ ಕೊಡಬ್ಯಾಡ್ರಿ."

ಅವನಿಗೆ ಬೇಕಾಗಿರುವುದು ಗಾಡಿ ಮಾತ್ರ, ತಾನಲ್ಲ. ಹಾಗೆಂದುಕೊಂಡು ಶೈಲಶ್ರೀ ಫೋನು ಇಟ್ಟಳು.

*

ಮರುದಿನ ತಾಂಬಾದ ಹತ್ತಿರದ ವಸ್ತಿಯೊಂದರಲ್ಲಿ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ಕೆಲಸವಿತ್ತು. ಗಾಡಿಯನ್ನು ಜಾಲಿ ಗಿಡದ ನೆರಳಿಗೆ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ ಹೋದಳು. ಕೆಲಸ ಮುಗಿಸಿ ಬಂದು ನೋಡಿದರೆ... ಗಾಡಿ ಇಲ್ಲ!

ಚಾವಿ ಅವಳ ಕೈಯಲ್ಲೇ ಇತ್ತು. ಹಾಗಾದರೆ ಇನ್ನೊಂದು ಚಾವಿ? 'ನನಗ ತಿರುಗಿ ಕೊಡ್ರಿ' ಎಂದಿದ್ದು ನಿನ್ನೆ ತಾನೆ!

ದಾರಿಯಲ್ಲಿ ನಿಂತಿದ್ದೇನೆ ಎನ್ನುವ ಪರಿವೆಯೂ ಇಲ್ಲದೆ ಫೋನಿನಲ್ಲಿ ಕೂಗಿದಳು.

"ಚಾವಿ ಯಾಕ ಇಟ್ಕೊಂಡ್ರಿ ಅಂತ ಈಗ ತಿಳೀತ್ರಿ! ಬೇಕಾಗಿದ್ರ ಬಾಯಿಬಿಟ್ಟು ಕೇಳಬೇಕಾಗಿತ್ತು. ಕದ್ದು ಒಯ್ಯೂದ್ಯಾಕ? ನಿಮ್ಮನ್ನ ನಂಬಿದ್ನೆಲ್ಲಾ... ನನಗ ಬುದ್ಧಿ ಇಲ್ಲ!"

ಅವನು ಅಷ್ಟೂ ಮಾತನ್ನು ಕೇಳಿಸಿಕೊಂಡ.

"ಗಾಡಿ ಸಿಕ್ಕ ಮ್ಯಾಲ ಒಂದ್ ಮಾತು ತಿಳಸ್ರಿ ಡಾಕ್ಟರ್ರ," ಎಂದ ಅವನು ಮೆಲ್ಲಗೆ. "ನನಗೂ ಸಮಾಧಾನ ಆಗ್ತೈತಿ."

ಫೋನು ಕಟ್ಟಾಯಿತು. ಲಸಿಕೆಯ ಡಬ್ಬಿ ಹಿಡಿದು ಬಂದ ಗುರಲಿಂಗಪ್ಪ ಅಲ್ಲೇ ಕಲ್ಲಾಗಿ ನಿಂತಿದ್ದ.

"ಯಾರಿಗಂದ್ರಿ ಈ ಮಾತು? ಚೇತನಕುಮಾರಗ?"

"ಹೌದು! ಮತ್ಯಾರ ಹತ್ರ ಐತಿ ಚಾವಿ?"

"ಎಂಥಾ ಮಾತು ಅಂದ್ಬಿಟ್ರಿ ಮೇಡಮ್ಮರ!" ಗುರಲಿಂಗಪ್ಪ ಹಣೆ ಬಡಿದುಕೊಂಡ. "ಅವರು ಹೆಂಗ ಗಾಡಿ ಒಯ್ತಾರ್ರಿ? ಎಡಗಾಲು ಮೊಣಕಾಲಿಂದ ಕೆಳಗ ಇಲ್ಲಲ್ರಿ ಅವರಿಗೆ! ಹೋದ ವರ್ಷ ಕಬ್ಬಿನ ಟ್ರ್ಯಾಕ್ಟರ್ ಬಡದು... ಗೇರ ಹಾಕೂ ಕಾಲ ಹೋತು!"

ಶೈಲಶ್ರೀ ಅವನ ತೋಳು ಹಿಡಿದು ಅಲುಗಾಡಿಸಿದಳು.

"ನೀವ್ಯಾಕ... ನೀವ್ಯಾಕ ಹೇಳಲಿಲ್ಲ?"

"ಅವತ್ತ ನೀವೂ ಅಲ್ಲೇ ಇದ್ರೆಲ್ರಿ. ಗೊತ್ತೈತಿ ಅಂತ ತಿಳದಿದ್ನಿರಿ!"

ಕಂಬಳಿ! ಅಂದು ಅವನು ಕಾಲ ಮೇಲೆ ಹೊದ್ದಿದ್ದ ಕಂಬಳಿ... ಎದ್ದು ನಿಲ್ಲಲಿಲ್ಲ ಎಂದು ಅವಳು ಬೈದುಕೊಂಡದ್ದು... ಬಾಗಿದ ಎಡಗಡೆಯ ಗಾರ್ಡ್... ಲಕ್ಕವ್ವನ ಅಳು... ಬಾ ಬಾ ಎಂದರೂ ಬರದ ಆ ಮನುಷ್ಯ! ಎಲ್ಲವೂ ಒಮ್ಮೆಲೇ ತಿಳಿಯಿತು.

ಅಷ್ಟರಲ್ಲಿ ವಸ್ತಿಯ ಮುದುಕ ರೇವಣಪ್ಪ ಗಡಿಬಿಡಿಯಿಂದ ಓಡಿ ಬಂದ.

"ಡಾಕ್ಟರಬಾಯಾರ, ಗಾಡಿ ಹುಡುಕಾಕತ್ತೀರೇನು? ದನದ ಮನ್ಯಾಗ ಐತ್ರಿ! ನಮ್ಮ ಹೋರಿ ಗಾಡಿ ಕನ್ನಡ್ಯಾಗ ತನ್ನ ಮಾರಿ ನೋಡಿ ಹಾಯಾಕ ಹೊಂಟಿತ್ತು. ಮಂದಿ ಕೂಡಿ ಹೊತ್ಕೊಂಡು ಒಳಗಿಟ್ಟು ಕೌದಿ ಹೊಚ್ಚೇವಿ."

ದನದ ಮನೆಯ ಮೂಲೆಯಲ್ಲಿ, ಬಣ್ಣಬಣ್ಣದ ಬಟ್ಟೆ ಸೇರಿಸಿ ಹೊಲಿದ ಕೌದಿಯ ಕೆಳಗೆ ಗಾಡಿ ಸುರಕ್ಷಿತವಾಗಿ ನಿಂತಿತ್ತು. ಶೈಲಶ್ರೀ ಅದರ ಸವೆದ ಟ್ಯಾಂಕಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

*

ಲಚ್ಯಾಣ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅವನು ಅದೇ ಕಟ್ಟೆಯ ಮೇಲೆ ಕುಳಿತಿದ್ದ. ಗಾಡಿಯ ಸಪ್ಪಳಕ್ಕೆ ಲಕ್ಕವ್ವ ಒಳಗಿಂದ ಬಾಗಿಲಿಗೆ ಬಂದಳು.

"ಸಿಕ್ತೇನ್ರಿ?" ಅವನ ಮೊದಲ ಮಾತು ಅದೇ.

"ಸಿಕ್ತ್ರಿ... ಹೋರಿಗೆ ಅಂಜಿ ಮಂದಿ ಮುಚ್ಚಿಟ್ಟಿದ್ರು." ಅವಳು ಕಟ್ಟೆಯ ಕೆಳಗಿನ ಮೆಟ್ಟಿಲಿಗೆ ಕುಸಿದು ಕುಳಿತಳು. "ನನಗ ಬೈರಿ. ಎಷ್ಟ್ ಬೇಕಾದ್ರೂ ಬೈರಿ. ಸುಮ್ಮ ಮಾತ್ರ ಕುಂಡ್ರಬ್ಯಾಡ್ರಿ!"

"ಯಾಕ ಬೈಲಿ? ನಾ ಹೇಳಿಲ್ಲ, ನಿಮಗ ಗೊತ್ತಿಲ್ಲ."

"ಅದನ್ನ ಕೇಳಾಕತ್ತೇನಿ. ಯಾಕ ಹೇಳಲಿಲ್ರಿ?"

ಅವನು ಕಂಬಳಿಯ ಅಂಚನ್ನು ಬೆರಳಿನಿಂದ ಸವರಿದ.

"ಅವತ್ತ ಗಾಡಿ ಹೊಡದು ತಿರುಗಿ ಬರೂ ಮುಂದ ನಗಾಕತ್ತಿದ್ರಿ. ನಾನೂ ಹಿಂಗ ನಗ್ಕೋತ ಬರ್ತಿದ್ದೆ, ಆ ದಾರೀಲೆ. ಹೇಳಿದ್ರ ಆ ನಗಿ ಹೋಗ್ತಿತ್ತು. ಆಮ್ಯಾಲ ನೀವು ಫೋನ್ ಮಾಡಾಕ ಹತ್ತಿದ್ರಿ..." ಅವನು ಬೇವಿನ ಗಿಡದತ್ತ ಮುಖ ತಿರುಗಿಸಿದ. "ಫೋನಿನ್ಯಾಗ ನನಗ ಎರಡೂ ಕಾಲ ಇದ್ವು ಡಾಕ್ಟರ್ರ. ಅದನ್ನ ಕಳಕೊಳ್ಳಾಕ ಮನಸಾಗಲಿಲ್ಲ."

ಶೈಲಶ್ರೀ ಕಣ್ಣು ಒರೆಸಿಕೊಳ್ಳಲಿಲ್ಲ.

"ಆ ಚಾವಿ?"

ಉತ್ತರ ಕೊಟ್ಟವಳು ಲಕ್ಕವ್ವ. ಬಾಗಿಲ ಒಳಗಿನ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ಸಾಲಾಗಿ ಗೂಟಗಳು, ಗೂಟಕ್ಕೊಂದು ಹಳೆಯ ಹಗ್ಗ. ಕೊನೆಯ ಗೂಟಕ್ಕೆ ಮಾತ್ರ ಹಗ್ಗವಿರಲಿಲ್ಲ, ಕೆಂಪು ದಾರದಲ್ಲಿ ಒಂದು ಚಾವಿ ತೂಗುತ್ತಿತ್ತು.

"ಎತ್ತು ಮಾರಿದ್ರೂ ಹಗ್ಗ ಕೊಡೂದಿಲ್ಲವ್ವ ನಾವು. ಕೊಂಡವರ ಹೊಸಾ ಹಗ್ಗ ತರಬೇಕು. ದನಾ ಹೋದ್ರೂ ಅದರ ಪಾದದ ಗುಣ ಮನ್ಯಾಗ ಉಳೀಲಿ ಅಂತ. ಗಾಡಿನೂ ಈ ಮನಿ ಎತ್ತ ಆಗಿತ್ತು, ನನ್ನ ಮಗನ ಹೊತ್ತು ತಿರುಗ್ಯಾಡ್ತು."

ಗೊತ್ತಿದ್ದ ಪದ್ಧತಿಯೇ! ಅವಳ ಅಪ್ಪನೂ ಎತ್ತು ಮಾರಿದಾಗ ಹಗ್ಗ ಬಿಚ್ಚಿ ಇಟ್ಟುಕೊಳ್ಳುತ್ತಿದ್ದ. ದನಗಳ ನಡುವೆಯೇ ಬದುಕುವ ಡಾಕ್ಟರಿಗೆ, ಗಾಡಿಗೂ ಒಂದು ಹಗ್ಗ ಇರಬಹುದು ಎಂದು ಹೊಳೆದಿರಲಿಲ್ಲ.

ಲಕ್ಕವ್ವ "ಚಾ ಇಡ್ತೇನಿ" ಎಂದು ಒಳಗೆ ಹೋದಳು. ಜಾಣೆ ಮುದುಕಿ!

"ದಿನಾ ಗಾಡಿ ಹೆಂಗೈತಿ ಅಂತ ಕೇಳಿದ್ರಿ," ಎಂದಳು ಶೈಲಶ್ರೀ. "ನಾ ಹೆಂಗದೇನಿ ಅಂತ ಒಮ್ಮೆನೂ ಕೇಳಲಿಲ್ಲ."

"ಧೈರ್ಯ ಇರಲಿಲ್ರಿ."

"ಈಗ ಕೇಳ್ರಿ."

"...ಹೆಂಗದೀರಿ?"

"ನೀವಿಲ್ದ ಛಲೋ ಇಲ್ಲ."

ಅವನು ತಲೆ ತಗ್ಗಿಸಿದ. "ಇದು ಕನಿಕರ ಡಾಕ್ಟರ್ರ. ನಾಳೆ ಇಳೀತೈತಿ."

"ಕನಿಕರ ಆಗಿದ್ರ ಇವತ್ತ ಹುಟ್ಟಬೇಕಾಗಿತ್ತು!" ಅವಳ ಧ್ವನಿ ಏರಿತು. "ಚೋಕ್ ಅರ್ಧಕ್ಕ ನಿಂದ್ರಸ್ರಿ ಅಂದ್ರೆಲ್ಲಾ, ಇದು ಅವತ್ತಿಂದ ಐತಿ. ನಿಮಗ ಎಷ್ಟ್ ಕಾಲ ಅದಾವು ಅಂತ ಅವತ್ತ ನನಗ ಗೊತ್ತಿತ್ತೇನು?"

ಶೈಲಶ್ರೀ ಎದ್ದಳು. ಒಳಗೆ ಹೋಗಿ, ತನ್ನ ಕೈಯಲ್ಲಿದ್ದ ಚಾವಿಯನ್ನು ಆ ಕೊನೆಯ ಗೂಟಕ್ಕೆ, ಕೆಂಪು ದಾರದ ಚಾವಿಯ ಪಕ್ಕದಲ್ಲಿ ತೂಗುಹಾಕಿ ಬಂದಳು.

"ಅದ್ಯಾಕ್ರಿ? ಗಾಡಿ ನಿಮ್ಮದು..."

"ನಂದ ಐತಿ. ದಿನಾ ನಾನ ಹೊಡೀತೇನಿ. ಹೊತ್ತು ಮುಳುಗೂದ್ರಾಗ ತಿರುಗಿ ಈ ಬೇವಿನ ಗಿಡದ ಬುಡಕ್ಕ ಬರ್ತೇನಿ. ಹಿಂದಿನ ಸೀಟಿಗೆ ಗೇರ ಹಾಕೂ ಕಾಲ ಬೇಕಾಗೂದಿಲ್ಲ, ನಿಮಗ ಗೊತ್ತೈತಿಲ್ಲೋ?"

ಚೇತನಕುಮಾರನ ಕಣ್ಣು ತುಂಬಿ ಹರಿಯಿತು. ಅವನು ಕಂಬಳಿ ಸರಿಸಿದ. ಗೋಡೆಗೆ ಒರಗಿಸಿದ್ದ ಊರುಗೋಲನ್ನು ಎಳೆದುಕೊಂಡ.

"ಕುಂಡ್ರಿ, ಯಾಕ ಏಳ್ತೀರಿ?" ಅವಳು ಹಿಡಿಯಲು ಹೋದಳು. ಅವನು ತಲೆಯಾಡಿಸಿ ಬೇಡವೆಂದ. ಗೋಡೆಗೆ ಕೈಯೂರಿ, ಹಲ್ಲು ಕಚ್ಚಿ, ಒಂದೇ ಕಾಲಿನ ಮೇಲೆ ನಿಧಾನವಾಗಿ ಎದ್ದು ನಿಂತ.

"ಅವತ್ತ ಮನಿಗೆ ಬಂದಾಗ ಎದ್ದು ಬರ್ರಿ ಅನ್ನಲಿಲ್ಲ ನಾನು," ಎಂದ ಏದುಸಿರು ಬಿಡುತ್ತ. "ಇವತ್ತ ಎದ್ದೇನಿ. ಬರ್ರಿ... ಒಳಗ ಬರ್ರಿ."

"ಬರ್ರಿ ಅಂದ್ರ ಬರೂದಿಲ್ಲ," ಎಂದಳು ಅವಳು, ಅಳುತ್ತಲೇ ನಗುತ್ತ. "ಮನಿ ಮಂದಿಗೆ ಯಾರಾದ್ರೂ ಬರ್ರಿ ಅಂತಾರೇನು?"

ಅವನು ಊರುಗೋಲಿಲ್ಲದ ಕೈಯನ್ನು ಅವಳತ್ತ ಚಾಚಿದ.

"ಬಾ ಶೈಲಾ."