ಹಸಿರು ಟ್ಯೂಬಿನ ಕಲೆ

ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಗೆರೆಗಳು ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕಾದುದು ಮನುಷ್ಯಕುಲದ ಘನವಾದ ಪ್ರಶ್ನೆ. ತೊಂಬತ್ತೆರಡರಲ್ಲಿ ಬನಹಟ್ಟಿಯ ಧರೆಪ್ಪ ಇದ್ದೆರಡು ಮಗ್ಗ ಮಾರಿ, ವಿಡಿಯೊ ಥಿಯೇಟರಿಗೆಂದು ಬಣ್ಣಕ್ಕೊಂದರಂತೆ ಮೂರು ಟ್ಯೂಬಿನ ಹಳೆಯ ಪ್ರೊಜೆಕ್ಟರ್ ತಂದು, ಆ ಗೆರೆ ಹೊಂದಿಸಲು ರಿಪೇರಿಯವನಾದ ನನ್ನನ್ನು ಕರೆಸಿದ್ದ. ಚಿತ್ರದ ನಡುವೆ ಒಂದು ಕಲೆಯಿತ್ತು: ಕುರ್ಚಿಯಲ್ಲಿ ಬೆನ್ನು ಮಾಡಿ ಕುಳಿತ ಹೆಂಗಸಿನ ಆಕಾರ. ನೇಕಾರನಲ್ಲವೇ, ಬಟ್ಟೆಯ ದೋಷವೆಂದು ಪರದೆಯನ್ನು ಎರಡು ಸಲ ಒಗೆಸಿದ್ದ.

"ಕಲೆ ಬಟ್ಟೀದಲ್ರಿ ಧರೆಪ್ಪಣ್ಣ, ಹಸಿರು ಟ್ಯೂಬಿಂದು. ಒಂದ ಚಿತ್ರ ಭಾಳ ದಿನ ಅಲುಗಾಡದ ನಿಂತ್ರ ಟ್ಯೂಬ್ ಸುಟ್ಟು ಅದರ ಅಚ್ಚು ಬೀಳತೈತಿ."

"ಹೆಂಗಸು ಅಷ್ಟು ದಿನ ಸುಮ್ಮ ಕುಂತಾಳೇನಲೇ? ನಮ್ಮ ಮನ್ಯಾಕೀನ ನೋಡಿ ಹೇಳು!"

ಊಟ ಮುಗಿಸಿ ಬರುವಷ್ಟರಲ್ಲಿ ಕಲೆಯ ಮುಖ ನಮ್ಮತ್ತ ಅರ್ಧ ಹೊರಳಿತ್ತು. ಬೆಳಗಿನಿಂದ ಉರಿದ ಲೆನ್ಸು ಮುಟ್ಟಿದರೆ ತಣ್ಣಗಿತ್ತು. ಧರೆಪ್ಪ ನಗಲಿಲ್ಲ.

ಸೀಲು ಪೆಟ್ಟಿಗೆ ಒಡೆದು ಹೊಸ ಹಸಿರು ಟ್ಯೂಬ್ ತೆಗೆದು ಹಾಕಿದೆ. ಎಂದೂ ಉರಿಯದ ಆ ಟ್ಯೂಬಿನ ಚಿತ್ರದಲ್ಲೂ ಕಲೆಯಿತ್ತು: ಈಗ ಖಾಲಿ ಕುರ್ಚಿಯಷ್ಟೇ. ಧರೆಪ್ಪ ಥಿಯೇಟರು ತೆರೆಯಲೇ ಇಲ್ಲ.